ಏಳನೇ ಅಧ್ಯಾಯದಲ್ಲಿ ನಿಂತುಬಿಡುತ್ತಿದ್ದ ಕಾದಂಬರಿ: ಹಿಮ್ಮುಖವಾಗಿ ಯೋಜಿಸಿದ್ದು

ಕಾದಂಬರಿ ಬರೆಯಲು ಕೂತ ಮೂರು ಸಲವೂ ಒಂದೇ ತೊಂದರೆ. ಆರು ಅಧ್ಯಾಯ ಸರಾಗ, ಏಳರಲ್ಲಿ ಪಾತ್ರಗಳು ಸುಮ್ಮನೆ ಕೂತು ಮಾತಾಡುತ್ತಿದ್ದವು. ಮುಂದೇನು ಅಂತ ನನಗೇ ಗೊತ್ತಿರುತ್ತಿರಲಿಲ್ಲ.

ಅಧ್ಯಾಯವಾರು ಸಾರಾಂಶ ಬರೆದಿಟ್ಟರೂ ಉಪಯೋಗವಾಗಲಿಲ್ಲ. ನಾಯಕಿಯ ಇಷ್ಟದ ಬಣ್ಣದವರೆಗೆ 12 ಪುಟ ಪಾತ್ರಪರಿಚಯ ತುಂಬಿದೆ, ಒಂದು ಸಾಲೂ ಕತೆಗೆ ಬರಲಿಲ್ಲ. ದುಬಾರಿ ಸಾಫ್ಟ್‌ವೇರೂ ಅಷ್ಟೇ.

ಕೆಲಸ ಮಾಡಿದ್ದು ಇದು. ಮೊದಲು ಕೊನೆಯ ದೃಶ್ಯವನ್ನು ಒಂದು ಕಾರ್ಡಿನಲ್ಲಿ ಬರೆದೆ. "ಇದು ಆಗಬೇಕಾದರೆ ಮುಂಚೆ ಏನಾಗಿರಲೇಬೇಕು?" ಅಂತ ಕೇಳಿಕೊಂಡು ಅದರ ಹಿಂದಿನ ಕಾರ್ಡು. ಹೀಗೆ ಹಿಂದೆ ಹಿಂದೆ ಹೋಗಿ 38 ಕಾರ್ಡು. ಪ್ರತಿಯೊಂದರಲ್ಲೂ ನಾಲ್ಕೇ ಸಾಲು: ದೃಶ್ಯ ಯಾರ ಕಣ್ಣಲ್ಲಿ, ಆ ಪಾತ್ರಕ್ಕೆ ಏನು ಬೇಕು, ಯಾವುದು ಅಡ್ಡ, ಕೊನೆಗೆ ಏನು ಬದಲಾಯ್ತು. ನಾಲ್ಕನೆಯದು ಖಾಲಿ ಉಳಿದರೆ ದೃಶ್ಯ ಔಟ್. (ನನ್ನವು 9 ಹೋದವು, ಮೆಚ್ಚಿನ ಮಳೆಯ ದೃಶ್ಯವೂ ಸೇರಿ.)

ನಂತರ ಮೊದಲಿಂದ ಓದುತ್ತಾ ಎರಡೆರಡು ಕಾರ್ಡುಗಳ ನಡುವೆ "ಆದ್ದರಿಂದ" ಅಥವಾ "ಆದರೆ" ಕೂರುತ್ತದಾ ನೋಡಿದೆ. ಬರೀ "ಆಮೇಲೆ" ಕೂತ ಕಡೆಯೇ ಬಿರುಕು. ಹಳೆಯ ಏಳನೇ ಅಧ್ಯಾಯವನ್ನು ಹೀಗೇ ಬಿಡಿಸಿದಾಗ ಸಾಲಾಗಿ ನಾಲ್ಕು "ಆಮೇಲೆ" ಸಿಕ್ಕವು.

ಕತೆಯ ದಿನ, ವಾರ ಕಾರ್ಡಿನ ಮೂಲೆಯಲ್ಲಿ ಬರೆಯುವುದು ಕಟ್ಟಕಡೆಗೆ, ಅದೂ ಪೆನ್ಸಿಲ್‌ನಲ್ಲಿ. ಮೊದಲೇ ಬರೆದರೆ ಕಾರ್ಡು ಜರುಗಿಸಿದಾಗಲೆಲ್ಲ ಅಳಿಸುವುದೇ ಕೆಲಸ.