ಹೊಲದ ಹೆಸರು ಕೇಳಿ, ಊರಿನ ಕಥೆ ಸಿಗುತ್ತದೆ

ಕೊಪ್ಪಳ ಜಿಲ್ಲೆಯ ಕುಕನೂರು ಕಡೆಯ ಊರು ನಮ್ಮದು. ನಾನು ಹೈಸ್ಕೂಲ್ ಮಾಸ್ತರ. ಕೆಲವು ರೈತರು, ಅಂಗನವಾಡಿಯ ಅಕ್ಕೋರು, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರು, ರಜೆಗೆ ಬರುವ ಕಾಲೇಜು ಹುಡುಗರು ಸೇರಿ ನಮ್ಮೂರಿನ ಇತಿಹಾಸ ಬರೆದಿಡುತ್ತಿದ್ದೇವೆ. ಅಮಾವಾಸ್ಯೆ ದಿನ ಯಾರೂ ಎತ್ತು ಹೂಡುವುದಿಲ್ಲ. ಅವತ್ತು ಸಂಜೆ ಗ್ರಂಥಾಲಯದಲ್ಲಿ ಕೂಡುತ್ತೇವೆ. ಸಂಘಕ್ಕೆ ಹೆಸರಿಲ್ಲ, ರಶೀದಿ ಪುಸ್ತಕವಿಲ್ಲ. ಒಂದು ದೊಡ್ಡ ರಿಜಿಸ್ಟರ್, ಒಂದಷ್ಟು ಫೋನು, ಗೋಡೆ ಮೇಲೆ ಊರಿನ ನಕಾಶೆ. ಅಷ್ಟೇ.

ಇಂಥ ಕೆಲಸ ಶುರು ಮಾಡುವವರಿಗೆ ನಾನು ಹೇಳುವುದು ಒಂದೇ. ಹಿರಿಯರ ಹತ್ತಿರ ಹೋಗಿ ಊರಿನ ಇತಿಹಾಸ ಹೇಳಿ ಅಂತ ಕೇಳಬೇಡಿ. "ಇತಿಹಾಸ ಗಿತಿಹಾಸ ನಮಗೇನ್ ಗೊತ್ತೈತಿ ತಮ್ಮಾ, ಸಾಲಿ ಕಲಿತವರನ್ನ ಕೇಳು" ಅಂತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಅದೇ ಅಜ್ಜನಿಗೆ, "ಅಜ್ಜಾ, ಹಳ್ಳದ ಆಚೆ ನಿಮ್ಮ ಹೊಲಕ್ಕೆ ಏನಂತಾರೆ? ಹಂಗ್ಯಾಕ ಅಂತಾರೆ?" ಅಂತ ಕೇಳಿ ನೋಡಿ. ಚಹಾ ಬರುತ್ತದೆ, ಪಕ್ಕದ ಮನೆಯವರು ಬಂದು ಕೂಡುತ್ತಾರೆ, ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಪಹಣಿಯಲ್ಲಿ ಇರುವುದು ಸರ್ವೇ ನಂಬರ್ ಮಾತ್ರ. ಜನರ ಬಾಯಲ್ಲಿ ಪ್ರತಿ ಹೊಲಕ್ಕೂ ಹೆಸರಿದೆ. ಹಾಳೂರ ಎರಿ, ಬಸದಿ ಹೊಲ, ಗಾಣದಕಲ್ಲ ಪಟ್ಟಿ, ತಳವಾರ ಮಾನ್ಯ. ಒಂದೊಂದು ಹೆಸರಿನಲ್ಲೂ ಹುಡುಕಲು ಏನಾದರೂ ಇದ್ದೇ ಇರುತ್ತದೆ. ಬಸದಿ ಹೊಲವನ್ನೇ ನೋಡಿ. ಈಗ ಅಲ್ಲಿ ಬಸದಿಯ, ಅಂದರೆ ಜೈನ ಗುಡಿಯ, ಒಂದು ಕಲ್ಲೂ ಕಾಣುವುದಿಲ್ಲ. ಆದರೆ ಕೊಪ್ಪಳ ಒಂದು ಕಾಲಕ್ಕೆ ಕೊಪಣ ಅಂತ ಹೆಸರಾದ ಜೈನರ ಕ್ಷೇತ್ರ. ಸುತ್ತಲ ಹಳ್ಳಿಗಳಲ್ಲಿ ಬಸದಿಗಳಿದ್ದರೆ ಆಶ್ಚರ್ಯವಿಲ್ಲ. ನಾವು ಬಸದಿ ಇತ್ತು ಅಂತ ಬರೆಯಲಿಲ್ಲ. ಹೆಸರು, ಸರ್ವೇ ನಂಬರ್, ಯಾರು ಹೇಳಿದರು, ಯಾವತ್ತು ಹೇಳಿದರು ಅಂತ ಬರೆದೆವು. ಕೇಳಿದ್ದು ಬೇರೆ, ಕಂಡಿದ್ದು ಬೇರೆ. ರಿಜಿಸ್ಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇಟ್ಟಿದ್ದೇವೆ. ನನ್ನ ಪ್ರಕಾರ ಈ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಶಿಸ್ತು ಇನ್ನೊಂದಿಲ್ಲ.

ಹಾಳೂರ ಎರಿಯಲ್ಲಿ ಮಾತ್ರ ಕಣ್ಣಿಗೆ ಕಾಣುವಂಥದ್ದು ಬೇಕಾದಷ್ಟಿದೆ. ಹಿಂಗಾರಿ ಜೋಳ ಕಿತ್ತ ಮೇಲೆ ಹೋದರೆ ಕಪ್ಪು ಮಣ್ಣಿನ ನಡುವೆ ಒಂದು ಕಡೆ ಬೂದು ಮಣ್ಣು. ತುಂಬಾ ಮಡಕೆ ಚೂರು, ಮುರಿದ ಬೀಸುಕಲ್ಲು, ಕಾಳು ತುಂಬಿಡುವ ಹಗೇವಿನ ಬಾಯಿ ಇರಬಹುದಾದ ಗುಂಡಿ. ಇಂಥ ಹಾಳೂರುಗಳು ಈ ಭಾಗದಲ್ಲಿ ಬಹಳ. ಕಂದಾಯದವರು ಇವನ್ನು ಬೇಚಿರಾಕ್, ಅಂದರೆ ಜನವಸತಿ ಇಲ್ಲದ, ಗ್ರಾಮ ಅಂತ ಬರೆಯುತ್ತಾರೆ. ಜನ ಯಾಕೆ ಬಿಟ್ಟು ಹೋದರು ಅಂದರೆ ಒಬ್ಬರು ಪ್ಲೇಗ್ ಅಂತಾರೆ, ಒಬ್ಬರು ಬರ ಅಂತಾರೆ, ಇನ್ನೊಬ್ಬರು ದರೋಡೆ ಅಂತಾರೆ. ಮೂರನ್ನೂ ಬರೆದುಕೊಂಡೆವು. ಬೇಜಾರಿನ ಸಂಗತಿ ಅಂದರೆ ಆ ಬೂದು ಮಣ್ಣು ಗೊಬ್ಬರಕ್ಕೆ ಒಳ್ಳೆಯದು ಅಂತ ಟ್ರ್ಯಾಕ್ಟರಿನಲ್ಲಿ ಹೇರುತ್ತಾರೆ. ಹೊಲದವರ ಜೊತೆ ಕೂತು ಮಾತಾಡಿದೆವು. ಒಂದು ಮೂಲೆಯನ್ನು ಹಾಗೇ ಬಿಡಲು ಒಪ್ಪಿದರು. ಅದು ದೊಡ್ಡ ಮನಸ್ಸು.

ಆ ಹೊಲದ ಬದುವಿನಲ್ಲೇ ಒಂದು ವೀರಗಲ್ಲು ನಿಂತಿದೆ. ಮೂರು ಅಂಕಣ. ಕೆಳಗೆ ಹೋರಾಟ, ಪಕ್ಕದಲ್ಲಿ ದನಗಳು. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿದ್ದಾನೆ, ತಲೆ ಮೇಲೆ ಸೂರ್ಯ ಚಂದ್ರ. ದನಗಳಿದ್ದರೆ ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನು ಅಂತ ತಿಳಿಯುತ್ತೇವೆ. ಜನ ಅದಕ್ಕೆ ಎಣ್ಣೆ, ಕುಂಕುಮ ಹಚ್ಚುತ್ತಾರೆ. ಪೂಜೆ ನಿಲ್ಲಿಸಿ ಅಂತ ನಾವು ಹೇಳುವುದಿಲ್ಲ. ಆಯಿಲ್ ಪೇಂಟ್ ಬಳಿಯಬೇಡಿ ಅಂತ ಮಾತ್ರ ಕೈಮುಗಿದು ಕೇಳುತ್ತೇವೆ.

ಹಳೆಯ ಕಲ್ಲುಗಳ ಮೇಲಿನ ಶಾಸನದ ಅಕ್ಷರ ಓದುವುದು ಅಂದುಕೊಂಡಷ್ಟು ಕಷ್ಟವಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಅಕ್ಷರ ಸಾಕಷ್ಟು ಗುಂಡಗಿದೆ, ಇವತ್ತಿನ ಕನ್ನಡಕ್ಕೆ ಹತ್ತಿರ. ಹುಡುಗರು ಬೇಗ ಕಲಿಯುತ್ತಾರೆ. ಕಲ್ಲಿಗೆ ಸುಣ್ಣದ ಪುಡಿ, ಸೀಮೆಸುಣ್ಣ ಉಜ್ಜಬೇಡಿ. ಕೆರೆದು ತೆಗೆಯಲೂ ಬೇಡಿ. ಬರೀ ನೀರು, ಮೆತ್ತನೆ ಬ್ರಷ್. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ಹಗಲಲ್ಲಿ ಕಾಣದ ಸಾಲುಗಳು ಎದ್ದು ಬರುತ್ತವೆ. ಬೇರೆ ಬೇರೆ ಕಡೆಯಿಂದ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ಶಾಸನದಲ್ಲಿ ಶಕ ವರ್ಷ ಇದ್ದರೆ 78 ಕೂಡಿಸಿ, ಇಸವಿ ಸಿಗುತ್ತದೆ. ಚಾಲುಕ್ಯ ವಿಕ್ರಮ ವರ್ಷ ಇದ್ದರೆ 1075 ಕೂಡಿಸಿ, ಯಾಕೆಂದರೆ ಆರನೇ ವಿಕ್ರಮಾದಿತ್ಯ 1076ರಲ್ಲಿ ತನ್ನದೇ ಶಕೆ ಶುರು ಮಾಡಿದ. ಹಾಗಾಗಿ 37ನೇ ವರ್ಷ ಅಂದರೆ 1112. ಅದು ನಮ್ಮ ಪಕ್ಕದ ಇಟಗಿಯ ಮಹಾದೇವ ಗುಡಿಯ ಕಾಲ. ಈ ಲೆಕ್ಕ ಹಾಕಿದಾಗ ಹುಡುಗರ ಮುಖ ನೋಡಬೇಕು!

ಓದುವ ಮೊದಲು ಹಂಪಿಯ ಕನ್ನಡ ವಿಶ್ವವಿದ್ಯಾಲಯ ತಂದಿರುವ ಜಿಲ್ಲಾವಾರು ಶಾಸನ ಸಂಪುಟ ನೋಡುತ್ತೇವೆ. ಅಲ್ಲಿ ಅಚ್ಚಾಗಿದ್ದರೂ ನಮ್ಮ ಕೆಲಸ ಮುಗಿಯುವುದಿಲ್ಲ. ಕಲ್ಲು ಈಗಲೂ ಅದೇ ಜಾಗದಲ್ಲಿ ಇದೆಯಾ, ಯಾರಾದರೂ ಕಟ್ಟೆಗೆ ಹಾಕಿ ಕಟ್ಟಿಬಿಟ್ಟಿದ್ದಾರಾ ಅಂತ ನೋಡುವವರು ಊರಿನವರೇ ಅಲ್ವಾ? ಸಣ್ಣ ಊರಲ್ಲಿ ಏನಿದ್ದೀತು ಅನ್ನುವವರಿಗೆ ನಾನು ರಾಯಚೂರು ಜಿಲ್ಲೆಯ ಮಸ್ಕಿ ಕಥೆ ಹೇಳುತ್ತೇನೆ. ಅಶೋಕನ ಹೆಸರೇ ಇರುವ ಶಾಸನ ಅಲ್ಲಿನ ಬಂಡೆ ಮೇಲಿದೆ ಅಂತ ಹೊರಗೆ ಗೊತ್ತಾಗಿದ್ದು 1915ರಲ್ಲಿ. ಚಿನ್ನದ ನಿಕ್ಷೇಪ ಹುಡುಕುತ್ತಾ ಬಂದ ಬೀಡನ್ ಅನ್ನುವ ಎಂಜಿನಿಯರ್ ಕಣ್ಣಿಗೆ ಬಿತ್ತು.

ಒಂದು ಎಚ್ಚರಿಕೆ. ಕಲ್ಲು ಇರುವ ಜಾಗವನ್ನು ವಾಟ್ಸಾಪಿನಲ್ಲಿ ಹಾಕಬೇಡಿ. ನಿಧಿ ಆಸೆಗೆ ಅಗೆಯುವವರು ಎಲ್ಲ ಕಡೆ ಇದ್ದಾರೆ. ನಾವು ಫೋಟೋ ಹಂಚುತ್ತೇವೆ, ಸರ್ವೇ ನಂಬರ್ ರಿಜಿಸ್ಟರಿನಲ್ಲೇ ಇರುತ್ತದೆ.

ಕಲ್ಲಿಗಿಂತ ಅವಸರದ ಕೆಲಸ ಹಿರಿಯರ ಮಾತು ರೆಕಾರ್ಡ್ ಮಾಡುವುದು. ನಾವು ಹೈದರಾಬಾದ್ ನಿಜಾಮರ ಸೀಮೆಯವರು. 1947ರ ಆಗಸ್ಟ್ ಬಂದರೂ ನಮಗೆ ಬಿಡುಗಡೆ ಸಿಕ್ಕಿದ್ದು 1948ರ ಸೆಪ್ಟೆಂಬರ್ 17ಕ್ಕೆ. ನಡುವೆ ನಿಜಾಮರ ಪರ ನಿಂತ ಸಶಸ್ತ್ರ ಪಡೆ ರಜಾಕಾರರ ಆ ಕಾಲ ಕಂಡವರಿಗೆ ಈಗ ತೊಂಬತ್ತರ ಹತ್ತಿರ. ಚಕ್ಕಡಿಯಲ್ಲಿ ಮಕ್ಕಳನ್ನು ಹಾಕಿಕೊಂಡು ರಾತ್ರೋರಾತ್ರಿ ಗಡಿ ದಾಟಿದ್ದು, ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ನಡೆಸಿದ ಹೋರಾಟಗಾರರ ಶಿಬಿರದ ಸುದ್ದಿ, ನಿಜಾಮರ ಹಾಲಿ ಸಿಕ್ಕಾ ರೊಕ್ಕ ಬಂದಾಗಿದ್ದು, ಎಲ್ಲ ಅವರ ನೆನಪಿನಲ್ಲಿದೆ. ಇಸವಿ ಕೇಳಿದರೆ ಹೇಳಲಾರರು. "ತುಂಗಭದ್ರಾ ಡ್ಯಾಮಿಗಿಂತ ಮುಂಚೆನೋ ಆಮೇಲೋ?" ಅಂತ ಕೇಳಿದರೆ ಥಟ್ಟನೆ ಹೇಳುತ್ತಾರೆ.

ಆ ಕಾಲದಲ್ಲಿ ನಮ್ಮೂರಿನ ಮುಸ್ಲಿಂ ಮನೆಗಳೂ ಹೆದರಿ ಕೂತಿದ್ದವು. ಸೆಪ್ಟೆಂಬರ್ ಆದ ಮೇಲಂತೂ ಇನ್ನೂ ಜಾಸ್ತಿ. ಅವರ ಮಾತೂ ಅಷ್ಟೇ ಗೌರವದಿಂದ ಬರೆಯಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡೆವು. ಯಾರನ್ನೂ ಒತ್ತಾಯ ಮಾಡುವುದಿಲ್ಲ. ಒಬ್ಬ ಅಮ್ಮ ಹೇಳುತ್ತಾ ಹೇಳುತ್ತಾ "ಸಾಕು ಬಿಡಪ್ಪಾ" ಅಂದರು. ಫೋನ್ ಆಫ್ ಮಾಡಿ ಅಲ್ಲೇ ಕೂತು ಊಟ ಮಾಡಿ ಬಂದೆವು.

ಸುಗ್ಗಿ ಮುಗಿದ ಮೇಲೆ ಹೆಳವರು ಬಂದರೆ ಅದೂ ಒಂದು ಭಾಗ್ಯ. ಮನೆತನದ ಮೂಲ ಎಲ್ಲಿಯದು, ಯಾವ ಊರಿಂದ ಬಂದರು ಅಂತ ತಲೆಮಾರುಗಳನ್ನು ಹೇಳುತ್ತಾರೆ. ಮನೆಯವರು, ಹೆಳವರು ಇಬ್ಬರೂ ಒಪ್ಪಿದರೆ ಮಾತ್ರ ರೆಕಾರ್ಡ್ ಮಾಡುತ್ತೇವೆ. ಅದು ಅವರ ಹೊಟ್ಟೆಪಾಡು.

ಗೋಡೆ ಮೇಲಿನ ನಕಾಶೆಯಲ್ಲಿ ಹೊಲಗಳು ಹೆಚ್ಚುಕಡಿಮೆ ತುಂಬಿವೆ. ಅದನ್ನು ನೋಡಿದ ಅಕ್ಕೋರು, "ಬಾವಿ ಎಲ್ಲಿ ಅದಾವ್ರೀ ಸರ್?" ಅಂತ ಕೇಳಿದರು. ಸೇದುವ ಬಾವಿ, ಬಟ್ಟೆ ಒಗೆಯುವ ಬಾವಿ, ಯಾರಿಗೆ ನೀರು ಮುಟ್ಟಲು ಬಿಡುತ್ತಿರಲಿಲ್ಲ ಅನ್ನುವುದು, ಇವೆಲ್ಲ ಹೆಣ್ಣುಮಕ್ಕಳಿಗೆ ಗೊತ್ತು. ಬೀಸುವ ಪದಗಳೂ ಅವರ ಹತ್ತಿರವೇ ಇವೆ. ಈಗ ಆ ಕೆಲಸ ಅಕ್ಕೋರೇ ಮುಂದೆ ನಿಂತು ಮಾಡಿಸುತ್ತಿದ್ದಾರೆ. ಅಗಸಿ ಕಡೆಯ ಓಣಿಗಳು ಮುಗಿದಿವೆ, ಹಳ್ಳದ ಕಡೆಯವು ಬಾಕಿ ಇವೆ.