ಮೊಲ ಬಿತ್ತೇ? ಕಾಲಿನ ಜೊತೆ ಹಿಕ್ಕೆಯನ್ನೂ ನೋಡಿ

ಮಗುವಿನ ಕೈಯಿಂದ ಜಾರಿ ಬಿತ್ತು, ಬಾಗಿಲ ಸಂದಿಗೆ ಕಾಲು ಸಿಕ್ಕಿತು, ಇಲ್ಲವೇ ನಾಯಿ ಅಟ್ಟಿಸಿಕೊಂಡು ಹೋಯಿತು. ಹೋಗಿ ನೋಡಿದರೆ ರಕ್ತವಿಲ್ಲ, ಕೂಗಾಟವಿಲ್ಲ. ಮೊಲ ಮೂಲೆ ಹಿಡಿದು ಸುಮ್ಮನೆ ಕೂತಿದೆ. ಈ ಸುಮ್ಮನಿರುವಿಕೆಯೇ ಗೊಂದಲದ ಮೂಲ. ಬೇರೆ ಪ್ರಾಣಿಗೆ ಆಹಾರವಾಗುವ ಜೀವವಾದ್ದರಿಂದ ಮೊಲ ನೋವನ್ನು ಹೊರಗೆ ತೋರಿಸುವುದಿಲ್ಲ. ಹಾಗಾಗಿ ಪೆಟ್ಟು ಎಷ್ಟು ದೊಡ್ಡದೆಂದು ಅದರ ಸದ್ದಿನಿಂದ ಅಳೆಯಲಾಗದು. ಉಸಿರು, ಕೂತ ಭಂಗಿ, ತಿಂದದ್ದು, ಹಾಕಿದ ಹಿಕ್ಕೆ ಇವುಗಳಿಂದ ತಿಳಿಯಬೇಕು.

ಮೊದಲು ಎತ್ತಬೇಡಿ

ಬಿದ್ದ ಕೂಡಲೇ ಎತ್ತಿ ಅಪ್ಪಿಕೊಳ್ಳುವುದು ಸಹಜ, ಆದರೆ ಅದೇ ದೊಡ್ಡ ತಪ್ಪು. ಮೊಲದ ಅಸ್ಥಿಪಂಜರದ ತೂಕ ಮೈತೂಕದ ಸುಮಾರು 7–8 ಶೇಕಡಾ ಮಾತ್ರ. ಬೆಕ್ಕಿನಲ್ಲಿ ಅದು 12–13 ಶೇಕಡಾ. ಇಂಥ ಹಗುರ ಮೂಳೆಗಳ ಮೇಲೆ ಹಿಂಗಾಲಿನ ಸ್ನಾಯುಗಳು ಮಾತ್ರ ಬಲು ಗಟ್ಟಿ. ಹಿಂಭಾಗಕ್ಕೆ ಆಸರೆಯಿಲ್ಲದೆ ಎತ್ತಿದಾಗ ಹೆದರಿ ಒಮ್ಮೆ ಜಾಡಿಸಿ ಒದ್ದರೂ ಸಾಕು, ಸೊಂಟದ ಬಳಿ ಬೆನ್ನುಮೂಳೆ ಮುರಿಯಬಹುದು. ಬಿದ್ದಾಗ ಆಗದ ಅನಾಹುತ ಎತ್ತುವಾಗ ಆಗುವುದುಂಟು.

ನಾಯಿ, ಬೆಕ್ಕು, ಮಕ್ಕಳನ್ನು ಆಚೆ ಕಳಿಸಿ, ಕೋಣೆಯ ಬೆಳಕು ತಗ್ಗಿಸಿ, ಹತ್ತು ನಿಮಿಷ ದೂರದಿಂದ ನೋಡಿ. ಕೆಳಗಿನವುಗಳಲ್ಲಿ ಒಂದು ಕಂಡರೂ ಕಾಯಬೇಡಿ, ಪಶುವೈದ್ಯರ ಬಳಿ ಹೊರಡಿ:

- ಹಿಂಗಾಲು ಎಳೆಯುತ್ತಿದೆ, ಅಥವಾ ಯಾವುದೇ ಕಾಲು ಜೋತಾಡುತ್ತಿದೆ
- ಬಾಯಿ ತೆರೆದು ಉಸಿರಾಡುತ್ತಿದೆ (ಮೊಲ ಸಾಮಾನ್ಯವಾಗಿ ಮೂಗಿನಿಂದಲೇ ಉಸಿರಾಡುತ್ತದೆ)
- ಐದು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲುತ್ತಿಲ್ಲ
- ಒಸಡು ಬಿಳಿಚಿದೆ, ಕಿವಿ ತಣ್ಣಗಿದೆ, ಮೈ ಸೋತು ಬಿದ್ದಿದೆ
- ಮೂತ್ರ ತಾನಾಗಿ ತೊಟ್ಟಿಕ್ಕುತ್ತಿದೆ
- ಬೆಕ್ಕು ಅಥವಾ ನಾಯಿ ಕಚ್ಚಿದೆ. ಹಲ್ಲಿನ ಗುರುತು ಸೂಜಿಮೊನೆಯಷ್ಟಿದ್ದರೂ ಸರಿ

ಕೊನೆಯದನ್ನು ಹಲವರು ಕಡೆಗಣಿಸುತ್ತಾರೆ. ಬೆಕ್ಕಿನ ಹಲ್ಲು ಸಣ್ಣ ತೂತು ಮಾಡಿ ಬ್ಯಾಕ್ಟೀರಿಯಾವನ್ನು ಆಳಕ್ಕೆ ಇಳಿಸುತ್ತದೆ. ಮೇಲೆ ಚರ್ಮ ಬೇಗ ಮುಚ್ಚಿಕೊಂಡು ಒಳಗೆ ಕೀವಾಗುತ್ತದೆ.

ಉಸಿರು ಎಣಿಸಿ, ಮುಖ ಓದಿ

ಉಸಿರನ್ನು ಮೂಗಿನ ಮಿಡುಕಾಟ ನೋಡಿ ಎಣಿಸಬೇಡಿ. ಪಕ್ಕೆ ಏರಿಳಿಯುವುದನ್ನು ಎಣಿಸಿ. ಶಾಂತವಾಗಿ ಕೂತ ಮೊಲದಲ್ಲಿ ಅದು ನಿಮಿಷಕ್ಕೆ 30ರಿಂದ 60. ಓಡಿ ದಣಿದ ಮೇಲೆ ಹೆಚ್ಚಿರುವುದು ಸಹಜ, ಅರ್ಧ ಗಂಟೆಯ ನಂತರವೂ ಇಳಿಯದಿದ್ದರೆ ಅದು ನೋವು ಅಥವಾ ಎದೆಯ ಪೆಟ್ಟು.

ನೋವಿರುವ ಮೊಲದ ಕಣ್ಣು ಅರ್ಧ ಮುಚ್ಚಿರುತ್ತದೆ, ಉಬ್ಬಿರಬೇಕಾದ ಕೆನ್ನೆ ಚಪ್ಪಟೆಯಾಗುತ್ತದೆ, ಮೂಗಿನ ತುದಿ ಚೂಪಾಗುತ್ತದೆ, ಮೀಸೆ ಬಿಗಿಯುತ್ತದೆ, ಕಿವಿ ಬೆನ್ನಿಗೆ ಅಂಟುತ್ತದೆ. ಹಲ್ಲಿನ ಸದ್ದಿನಲ್ಲೂ ಎರಡು ಬಗೆ: ತಲೆ ಸವರಿದಾಗ ಕೇಳುವ ಮೆಲ್ಲನೆಯ ಕಟಕಟ ನೆಮ್ಮದಿಯದು, ಮುದುಡಿ ಕೂತು ಜೋರಾಗಿ ಕಡಿಯುವ ಸದ್ದು ನೋವಿನದು.

ಈಗ ಕೈ ಹಚ್ಚಿ

ನೆಲದ ಮೇಲೆ ಮಂಡಿಯೂರಿ. ಮೊಲ ನಿಮಗೆ ಬೆನ್ನು ಮಾಡಿ ನಿಮ್ಮ ತೊಡೆಗಳ ನಡುವೆ ಕೂರಲಿ, ಆಗ ಹಿಂದೆ ಸರಿಯಲಾಗದು. ತಲೆಯಿಂದ ಶುರುಮಾಡಿ: ಕಣ್ಣಿನಲ್ಲಿ ನೀರಿದೆಯೇ, ಮೂಗಿನಲ್ಲಿ ರಕ್ತವಿದೆಯೇ, ಮುಂದಿನ ಹಲ್ಲು ಮುರಿದಿದೆಯೇ. ಮುಖ ಅಡಿಯಾಗಿ ಬಿದ್ದಾಗ ಬಾಚಿಹಲ್ಲು ಮುರಿಯುವುದು ಸಾಮಾನ್ಯ. ಅದು ಮತ್ತೆ ಬೆಳೆಯುತ್ತದೆ. ಆದರೆ ಮುರಿದ ತುದಿಯಲ್ಲಿ ಗುಲಾಬಿ ಚುಕ್ಕೆ ಕಂಡರೆ ಒಳಗಿನ ನರಭಾಗ ತೆರೆದುಕೊಂಡಿದೆ ಎಂದರ್ಥ, ವೈದ್ಯರು ನೋಡಲೇಬೇಕು.

ಕಾಲುಗಳನ್ನು ಒಂದೊಂದಾಗಿ ನೋಡಿದರೆ ಸಾಲದು; ಎಡಗಾಲನ್ನು ಬಲಗಾಲಿನೊಂದಿಗೆ ಹೋಲಿಸಬೇಕು. ಊತ, ಬಿಸಿ, ಮುಟ್ಟಿದೊಡನೆ ಕಾಲು ಎಳೆದುಕೊಳ್ಳುವುದು ಎದ್ದು ಕಾಣುವುದು ಆಗಲೇ. ಉಗುರು ಕಿತ್ತಿದೆಯೇ ನೋಡಿ. ತುಪ್ಪಳವನ್ನು ಊದಿ ಬಿಡಿಸಿದರೆ ಅಡಗಿದ ಗಾಯ ಕಾಣುತ್ತದೆ. ಬೆನ್ನ ಮೇಲೆ ಅಂಗಾತ ಮಲಗಿಸಬೇಡಿ. ಹಾಗೆ ಮಲಗಿದ ಮೊಲ ಕಲ್ಲಿನಂತೆ ಸ್ತಬ್ಧವಾಗುತ್ತದೆ, ನೋಡುವವರು ಆರಾಮವೆಂದುಕೊಳ್ಳುತ್ತಾರೆ. ಅದು ಭಯ.

ಮೊಲದ ಸಹಜ ತಾಪ 38.5ರಿಂದ 40 ಡಿಗ್ರಿ ಸೆಲ್ಸಿಯಸ್. ಗುದದ್ವಾರದಲ್ಲಿ ಥರ್ಮಾಮೀಟರ್ ಇಡುವುದು ರೂಢಿಯಿದ್ದವರ ಕೆಲಸ, ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಅವರೂ ಕೈ ಹಾಕಬಾರದು. ತಾಪ 38ಕ್ಕಿಂತ ಕೆಳಗಿಳಿದರೆ ಜ್ವರಕ್ಕಿಂತ ಅಪಾಯ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಮೊಲದ ಒಂದೇ ಪಕ್ಕಕ್ಕಿಡಿ, ಹೆಚ್ಚಾದರೆ ಅದು ಸರಿದುಕೊಳ್ಳಲಿ. ತಣ್ಣಗಿರುವ ಮೊಲಕ್ಕೆ ಬಾಯಿಗೆ ಏನನ್ನೂ ಹಾಕಬೇಡಿ.

ಸಣ್ಣ ಗಾಯಕ್ಕೆ

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಆ ನೀರು ಸುರಿದು ತೊಳೆಯಿರಿ. ಹತ್ತಿಯ ಎಳೆ ಗಾಯಕ್ಕೆ ಅಂಟುತ್ತದೆ, ಗಾಜ್ ಅಥವಾ ಶುಭ್ರ ಬಟ್ಟೆ ಬಳಸಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಸ್ಟೀರಾಯ್ಡ್ ಇರುವ ಮುಲಾಮಂತೂ ಬೇಡವೇ ಬೇಡ. ಹಚ್ಚಿದ್ದನ್ನೆಲ್ಲ ಮೊಲ ನೆಕ್ಕುತ್ತದೆ. ಉಗುರಿನ ರಕ್ತಕ್ಕೆ ಕಾರ್ನ್‌ಫ್ಲೋರ್ ಒತ್ತಿ ಹಿಡಿದರೆ ನಿಲ್ಲುತ್ತದೆ. ಮುರಿದ ಕಾಲಿಗೆ ಕಡ್ಡಿ ಕಟ್ಟಿ ಬಿಗಿಯುವ ಸಾಹಸ ಬೇಡ, ರಕ್ತಸಂಚಾರ ನಿಂತರೆ ಕಾಲೇ ಹೋದೀತು.

ಬೇಸಿಗೆಯಲ್ಲಿ ಗಾಯದ ಮೇಲೆ, ಕೊಳೆಯಾದ ಹಿಂಭಾಗದ ಮೇಲೆ ನೊಣ ಮೊಟ್ಟೆಯಿಡುತ್ತದೆ, ಒಂದು ದಿನದೊಳಗೆ ಹುಳ ಬೀಳುತ್ತದೆ. ದಿನಕ್ಕೆರಡು ಬಾರಿ ನೋಡಿ.

ಹೊಟ್ಟೆ ನಿಂತರೆ

ಕಾಲಿನ ಪೆಟ್ಟಿಗಿಂತ ಬೇಗ ಮೊಲವನ್ನು ಕೊಲ್ಲುವುದು ಹೊಟ್ಟೆ. ಮೊಲದ ಕರುಳು ಹಗಲಿರುಳು ಚಲಿಸುತ್ತಿರಬೇಕು. ನೋವು, ಭಯ ಆ ಚಲನೆಯನ್ನು ಕುಗ್ಗಿಸುತ್ತವೆ. ಒಳಗಿನದು ಒಣಗುತ್ತದೆ, ಗಾಳಿ ತುಂಬುತ್ತದೆ, ಅದರಿಂದ ಇನ್ನಷ್ಟು ನೋವು, ಮೊಲ ಇನ್ನಷ್ಟು ಉಪವಾಸ. ಆಮೇಲೆ ಯಕೃತ್ತಿಗೆ ಕೊಬ್ಬು ತುಂಬಿಕೊಳ್ಳುತ್ತದೆ.

ಆದ್ದರಿಂದ ಪೆಟ್ಟಾದ ಸಮಯವನ್ನು ಬರೆದಿಡಿ, ಹಳೆಯ ಹಿಕ್ಕೆ ಗುಡಿಸಿ ತೆಗೆಯಿರಿ, ಗೂಡಿನಲ್ಲಿ ಬಿಳಿ ಬಟ್ಟೆ ಹಾಸಿ. ಇನ್ನು ಬೀಳುವ ಪ್ರತಿ ಹಿಕ್ಕೆಯೂ ಹೊಸದೆಂದು ಗೊತ್ತಾಗುತ್ತದೆ. ಆರೋಗ್ಯವಂತ ದೊಡ್ಡ ಮೊಲ ದಿನಕ್ಕೆ ನೂರಕ್ಕೂ ಮಿಕ್ಕಿ ಹಿಕ್ಕೆ ಹಾಕುತ್ತದೆ. ಸಣ್ಣ, ವಕ್ರ, ಒಣಕಲು ಹಿಕ್ಕೆ ಬಂದರೆ ಕರುಳು ನಿಧಾನವಾಗಿದೆ ಎಂದರ್ಥ. ಇಷ್ಟದ ಸೊಪ್ಪನ್ನು ಮೂಗಿನ ಬಳಿ ಹಿಡಿದರೂ ಮುಖ ತಿರುಗಿಸಿದರೆ, ನಾಲ್ಕಾರು ಗಂಟೆ ಏನೂ ತಿನ್ನದಿದ್ದರೆ, ವೈದ್ಯರಿಗೆ ಫೋನ್ ಮಾಡಿ. ಹನ್ನೆರಡು ಗಂಟೆ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ಅದು ತುರ್ತು, ನಡುರಾತ್ರಿಯಾದರೂ ಸರಿ.

ಮೊಲ ತಾನೇ ಮತ್ತೆ ತಿನ್ನಬೇಕಾದ ಮೆತ್ತನೆಯ ಹಿಕ್ಕೆ ಹಿಂಭಾಗಕ್ಕೆ ಅಂಟಿಕೊಂಡಿದ್ದರೆ, ಬೆನ್ನು ಬಾಗಿಸಲು ನೋವಾಗುತ್ತಿರಬಹುದು. ಮೂತ್ರ ಕೆಂಪಾಗಿದೆಯೆಂದು ಮಾತ್ರ ಗಾಬರಿ ಬೀಳಬೇಡಿ, ತಿಂದ ಸೊಪ್ಪಿನ ಬಣ್ಣವೂ ಮೂತ್ರವನ್ನು ಇಟ್ಟಿಗೆ ಬಣ್ಣಕ್ಕೆ ತಿರುಗಿಸುತ್ತದೆ. ಅದು ಎಲ್ಲೆಡೆ ಒಂದೇ ಸಮನಾಗಿರುತ್ತದೆ. ನಡುನಡುವೆ ರಕ್ತದ ಹೆಪ್ಪು ಅಥವಾ ಗೆರೆ ಕಂಡರೆ ವಿಷಯ ಬೇರೆ.

ಸಿರಿಂಜ್‌ನಲ್ಲಿ ತಿನ್ನಿಸುವುದು ವೈದ್ಯರು ಹೊಟ್ಟೆ ಮುಟ್ಟಿ ನೋಡಿದ ಮೇಲೆ ಮಾತ್ರ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಕರುಳಿಗೆ ಅಡ್ಡ ಸಿಕ್ಕಿರಬಹುದು, ಒತ್ತಿ ತುಂಬಿದರೆ ಜೀವಕ್ಕೇ ಸಂಚಕಾರ. ತಿನ್ನಿಸಿರೆಂದರೆ ಬಾಯಿಯ ಪಕ್ಕದಿಂದ, ಬಾಚಿಹಲ್ಲಿನ ಹಿಂದಿನ ಸಂದಿನಲ್ಲಿ, ಒಮ್ಮೆಗೆ ಒಂದು ಮಿಲಿಲೀಟರ್. ನುಂಗಿದ ಮೇಲೆ ಮುಂದಿನದು.

ಮನೆಯ ಮಾತ್ರೆ ಬೇಡ

ಮೊಲಕ್ಕೆ ವೈದ್ಯರು ಹೆಚ್ಚಾಗಿ ಕೊಡುವ ನೋವುನಿವಾರಕ ಮೆಲಾಕ್ಸಿಕಾಮ್. ಪ್ರಮಾಣ ನಾಯಿ, ಬೆಕ್ಕಿನದಲ್ಲ. ಊಹಿಸಿ ಕೊಟ್ಟರೆ ಒಂದೋ ಸಾಲದು, ಇಲ್ಲವೇ ಮೂತ್ರಪಿಂಡಕ್ಕೆ ಪೆಟ್ಟು. ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ವಿಷ ಹುಟ್ಟಿಸುವವು ಬೆಳೆದು ಮೊಲ ಸಾಯಬಹುದು. ನಾಯಿಗೆ ಹಚ್ಚುವ ಫಿಪ್ರೊನಿಲ್ ಔಷಧಿಯೂ ಮೊಲಕ್ಕೆ ವಿಷವೇ.

ಕರೆದೊಯ್ಯುವಾಗ

ಗಟ್ಟಿ ಗೋಡೆಯ ಪೆಟ್ಟಿಗೆಯಲ್ಲಿ ಟವೆಲ್ ಹಾಸಿ, ಒಣಹುಲ್ಲು ಇಡಿ. ಉಪವಾಸ ಕೆಡವಬೇಡಿ: ಮೊಲಕ್ಕೆ ವಾಂತಿ ಬರುವುದಿಲ್ಲ, ಶಸ್ತ್ರಚಿಕಿತ್ಸೆಗೆ ಮುನ್ನವೂ ಹೊಟ್ಟೆ ಖಾಲಿ ಬಿಡಬೇಕಿಲ್ಲ. ಜೋಡಿ ಮೊಲವಿದ್ದರೆ ಜೊತೆಗೊಯ್ಯಿರಿ, ಭಯ ತಗ್ಗುತ್ತದೆ. ಕುಂಟುವುದರ ಒಂದು ವಿಡಿಯೊ ಇರಲಿ, ಏಕೆಂದರೆ ಮೇಜಿನ ಮೇಲೆ ಹೆದರಿದ ಮೊಲ ಕುಂಟಿ ತೋರಿಸುವುದಿಲ್ಲ. ಎಷ್ಟು ಎತ್ತರದಿಂದ ಬಿತ್ತು, ಕೊನೆಯ ಬಾರಿ ತಿಂದದ್ದು ಯಾವಾಗ, ಹಿಕ್ಕೆ ಯಾವಾಗ ಎಂದು ಹೇಳಿ.

ಮನೆಯಲ್ಲೇ ನೋಡಿಕೊಳ್ಳುವಂಥ ಪೆಟ್ಟಾದರೆ ತಿರುಗಲು, ಚಾಚಲು ಜಾಗವಿದ್ದು ನೆಗೆಯಲಾಗದ ಗೂಡು ಮಾಡಿ. ಜಾರದ ನೆಲ, ತಗ್ಗು ಬಟ್ಟಲಿನಲ್ಲಿ ನೀರು. ಬಾಟಲಿಗೆ ಕತ್ತು ಎತ್ತುವುದು ನೋಯುವ ಮೊಲಕ್ಕೆ ಕಷ್ಟ. ಬೆಳಿಗ್ಗೆ ಒಂದೇ ತಕ್ಕಡಿಯಲ್ಲಿ ತೂಗಿ. ಬೆನ್ನಿನ ಊತ ಒಂದೆರಡು ದಿನದಲ್ಲಿ ಹೆಚ್ಚಬಹುದು, ಹಾಗಾಗಿ ಸಂಜೆ ಸರಿಯಿದ್ದ ಮೊಲವನ್ನು ಮರುದಿನ ಬೆಳಿಗ್ಗೆ ಮತ್ತೆ ನಡೆಸಿ ನೋಡಿ.

ಇನ್ನೊಂದು ಮಾತು. ಕೆಲ ದಿನಗಳ ನಂತರ ಕತ್ತು ಒಂದೆಡೆ ವಾಲಿದರೆ, ಹಿಂಗಾಲು ಬಲಗುಂದಿದರೆ, ಎಲ್ಲವನ್ನೂ ಆ ಬಿದ್ದ ದಿನಕ್ಕೆ ಕಟ್ಟಬೇಡಿ. ಒಳಕಿವಿಯ ಸೋಂಕು, ಮೆದುಳು ಮೂತ್ರಪಿಂಡಗಳಲ್ಲಿ ನೆಲೆಸುವ ಎನ್ಸೆಫಲಿಟೊಝೂನ್ ಕ್ಯೂನಿಕ್ಯುಲಿ ಎಂಬ ಪರೋಪಜೀವಿ ಕೂಡ ಇದೇ ಲಕ್ಷಣ ತೋರಿಸುತ್ತವೆ. ಬಿದ್ದದ್ದನ್ನು ಯಾರೂ ನೋಡಿಲ್ಲ, ಆದರೂ ಕುಂಟುತ್ತಿದೆ ಎಂದಾದರೆ ಪಾದದಡಿ ತುಪ್ಪಳ ಸವೆದು ಹುಣ್ಣಾಗಿದೆಯೇ ಎಂದು ಮೊದಲು ನೋಡಿ.