ಲಿಂಬರ್ಗ್ ಶಿಬಿರದ ಐರಿಷ್ ಸಿಪಾಯಿಯನ್ನು ಕಾಗದಗಳಲ್ಲಿ ಹುಡುಕುವ ಬಗೆ: ನನ್ನ ಅನುಭವ

1914ರಲ್ಲಿ ಜರ್ಮನರಿಗೆ ಸೆರೆಸಿಕ್ಕ, ಬ್ರಿಟಿಷ್ ಸೇನೆಯ ಬಡ ಐರಿಷ್ ಸಿಪಾಯಿಯೊಬ್ಬನ ಬದುಕನ್ನು ಕಾಗದಗಳಿಂದ ಕಟ್ಟಬೇಕಾದಾಗ ನಾನು ಮನೆ ಮತ್ತು ಸಂಬಳದ ಲೆಕ್ಕದಿಂದ ಶುರುಮಾಡುತ್ತೇನೆ. ಅಂಥ ಕೈದಿಗಳನ್ನು ಬ್ರಿಟನ್ನಿನ ವಿರುದ್ಧ ಎತ್ತಿಕಟ್ಟಲು ಹೊರಟ ರೋಜರ್ ಕೇಸ್‌ಮೆಂಟ್‌ನ ಕಡತಗಳು ಕೊನೆಗೆ. ಅವನ್ನೇ ಮೊದಲು ಓದಿದರೆ ಸಿಪಾಯಿ ದ್ರೋಹಿಯೋ ದೇಶಭಕ್ತನೋ ಎಂಬ ತೀರ್ಪು ತಲೆಗೆ ಹೊಕ್ಕುಬಿಡುತ್ತದೆ. ಆಮೇಲೆ ಸಿಗುವ ಕಾಗದವೆಲ್ಲ ಆ ತೀರ್ಪಿಗೇ ಸಾಕ್ಷಿ ಹೇಳುವಂತೆ ಕಾಣುತ್ತದೆ.

ಹಿನ್ನೆಲೆ ಇಷ್ಟು. ಬ್ರಿಟಿಷ್ ಕಾನ್ಸಲ್ ಆಗಿ ನಿವೃತ್ತನಾಗಿದ್ದ ಕೇಸ್‌ಮೆಂಟ್ 1914ರ ಅಕ್ಟೋಬರ್ 31ಕ್ಕೆ ಬರ್ಲಿನ್ ತಲುಪಿದ. ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡಲು ಯುದ್ಧಕೈದಿಗಳಿಂದಲೇ ಒಂದು ಐರಿಷ್ ದಳ ಕಟ್ಟುವುದು ಅವನ ಯೋಜನೆ. ಜರ್ಮನರು ಬೇರೆಬೇರೆ ಶಿಬಿರಗಳಲ್ಲಿದ್ದ ಐರಿಷ್ ಕೈದಿಗಳನ್ನು ಆರಿಸಿ ಲಾನ್ ನದಿಯ ದಂಡೆಯ ಲಿಂಬರ್ಗ್‌ಗೆ ತಂದರು. ಹಾಗೆ ಬಂದವರು 2,000ಕ್ಕೂ ಹೆಚ್ಚು. ದಳಕ್ಕೆ ಸೇರಿದವರು 60ಕ್ಕಿಂತ ಕಡಿಮೆ. ಈ ಎರಡು ಅಂಕಿಗಳನ್ನು ನಾನು ಟಿಪ್ಪಣಿಯ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳುತ್ತೇನೆ. ಲಿಂಬರ್ಗ್ ಎಂಬ ಹೆಸರು ಕಂಡೊಡನೆ ಆಳು ದಳದವನೆಂದು ತೀರ್ಮಾನಿಸುವುದು ಹೊಸಬರು ಮಾಡುವ ಅತಿ ದೊಡ್ಡ ತಪ್ಪು.

ಒಬ್ಬೊಬ್ಬ ಸಿಪಾಯಿಗೂ ಐದು ಕಲಮುಗಳ ಒಂದು ಕೋಷ್ಟಕ ಮಾಡುತ್ತೇನೆ: ದಿನಾಂಕ, ಇದ್ದ ಊರು, ರೆಜಿಮೆಂಟು ಮತ್ತು ನಂಬರು, ಆ ದಿನ ಅವನ ಮನೆಗೆ ಬರುತ್ತಿದ್ದ ಹಣ, ಕಾಗದ ಬರೆದವರು ಯಾರು. ಹೆಚ್ಚು ಕೆಲಸಕ್ಕೆ ಬರುವುದು ಕೊನೆಯ ಎರಡು.

ಮೊದಲು ಮನೆ. ಐರ್ಲೆಂಡಿನ 1901 ಮತ್ತು 1911ರ ಜನಗಣತಿ ಉಚಿತವಾಗಿ ಅಂತರ್ಜಾಲದಲ್ಲಿದೆ. ಎ ನಮೂನೆಯಲ್ಲಿ ಮನೆಮಂದಿಯ ಹೆಸರುಗಳಿರುತ್ತವೆ. ಅದನ್ನಷ್ಟೇ ನೋಡಿ ಪುಟ ಮುಚ್ಚಬಾರದು. ಬಿ1 ನಮೂನೆಯಲ್ಲಿ ಆ ಸಂಸಾರ ಎಷ್ಟು ಕೋಣೆಗಳಲ್ಲಿತ್ತು ಎಂಬುದು ಬರುತ್ತದೆ. ಯುದ್ಧಕ್ಕೆ ಸ್ವಲ್ಪ ಮೊದಲು ನಡೆದ ವಸತಿ ವಿಚಾರಣೆಯ ಪ್ರಕಾರ ಡಬ್ಲಿನ್ನಿನಲ್ಲಿ 20,108 ಸಂಸಾರಗಳು ಒಂದೇ ಕೋಣೆಯಲ್ಲಿದ್ದವು. ಬಡತನಕ್ಕೆ ಬಿ1ಕ್ಕಿಂತ ನೇರವಾದ ಅಳತೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದರೆ ಆಳು ಆಗ ಬ್ಯಾರಕ್ಕಿನಲ್ಲಿದ್ದರೆ ಪೂರ್ತಿ ಹೆಸರು ಸಿಗದು, ಇನಿಷಿಯಲ್ ಮಾತ್ರ. ಆಗ ವಯಸ್ಸು, ಹುಟ್ಟಿದ ಕೌಂಟಿ, ಹಿಂದಿನ ಕಸುಬು ಮೂರನ್ನೂ ತಾಳೆ ನೋಡಬೇಕು. 1911ರಲ್ಲಿ ಭಾರತದಲ್ಲಿದ್ದವನಾದರೆ ಅವನು ಇಂಗ್ಲೆಂಡಿನ ಗಣತಿಯ ಸಾಗರೋತ್ತರ ಸೇನಾ ಪುಟಗಳಲ್ಲಿರುತ್ತಾನೆ. ಬೆಂಗಳೂರು ದಂಡಿನಲ್ಲಿ ಮದುವೆಯಾಗಿದ್ದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಮದ್ರಾಸ್ ಚರ್ಚು ದಾಖಲೆಗಳನ್ನು, ಅಂದರೆ ಎನ್/2 ಸರಣಿಯನ್ನು ನೋಡಬೇಕು. ಮೈಸೂರು ಸಂಸ್ಥಾನದ ಹೆಸರಿನಲ್ಲಿ ಹುಡುಕಿದರೆ ಕೈಗೆ ಏನೂ ಹತ್ತುವುದಿಲ್ಲ.

ಆಮೇಲೆ ಸೇನಾ ಕಾಗದ. ಪದಾತಿಯ ಸಿಪಾಯಿ ಸಾಮಾನ್ಯವಾಗಿ 12 ವರ್ಷಕ್ಕೆ ಸಹಿ ಹಾಕುತ್ತಿದ್ದ: 7 ವರ್ಷ ಸೇವೆ, 5 ವರ್ಷ ರಿಸರ್ವ್, ಅಂದರೆ ಮನೆಯಲ್ಲಿದ್ದು ಕರೆ ಬಂದರೆ ಸೇನೆಗೆ ಮರಳುವುದು. ಮನೆಗೆ ಬಂದ ರಿಸರ್ವ್ ಆಳಿಗೆ ವಾರಕ್ಕೆ 3 ಶಿಲಿಂಗ್ 6 ಪೆನ್ಸ್, ವರ್ಷಕ್ಕೆ 9 ಪೌಂಡ್ 2 ಶಿಲಿಂಗ್ (12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್). ಊರಿನವರ ಬಾಯಲ್ಲಿ ಅವನು ಮಾಜಿ ಸೈನಿಕ, ಕಾನೂನಿನ ಕಣ್ಣಿನಲ್ಲಿ ಇನ್ನೂ ಸೈನಿಕ. ಈ ಗೊಂದಲದಿಂದಲೇ ಹಲವರು ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ, 1913ಕ್ಕೆ ಮುಗಿಯುವ ಡಬ್ಲ್ಯೂಓ (ವಾರ್ ಆಫೀಸ್, ಅಂದರೆ ಯುದ್ಧ ಇಲಾಖೆ) 97 ಸರಣಿಯಲ್ಲಿ ಹುಡುಕಿ ಕೈಚೆಲ್ಲುತ್ತಾರೆ. ಅವಧಿ ಮುಗಿಯದವನ ಕಾಗದ ಮುಂದಿನ ಸರಣಿಗೆ ಹೋಗಿರುತ್ತದೆ. ಅದು ಡಬ್ಲ್ಯೂಓ 363. ಆ ಸರಣಿಯ ಸುಮಾರು 60% ಭಾಗ 1940ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಅಲ್ಲಿಲ್ಲದಿದ್ದರೆ 364ರ ಪಿಂಚಣಿ ಕಾಗದಗಳು, ಅಲ್ಲೂ ಇಲ್ಲದಿದ್ದರೆ 372ರ ಪದಕದ ಕಾರ್ಡು. ನಂಬರನ್ನು ರೆಜಿಮೆಂಟಿನ ಹೆಸರಿಲ್ಲದೆ ಬರೆದುಕೊಳ್ಳಬೇಡಿ. ಆ ಕಾಲದಲ್ಲಿ ಒಂದೇ ನಂಬರು ಹಲವು ರೆಜಿಮೆಂಟುಗಳಲ್ಲಿರುತ್ತಿತ್ತು.

ಬೆಟಾಲಿಯನ್ನಿನ ಚಲನೆಯೂ ಒಂದು ಜರಡಿ. ರಾಯಲ್ ಐರಿಷ್ ರೈಫಲ್ಸ್‌ನ 2ನೆಯ ಬೆಟಾಲಿಯನ್ 1914ರ ಆಗಸ್ಟಿನಲ್ಲೇ ಫ್ರಾನ್ಸಿಗೆ ಹೋಯಿತು. ಏಡನ್‌ನಲ್ಲಿದ್ದ 1ನೆಯದು ಬಂದದ್ದು ನವೆಂಬರಿನಲ್ಲಿ. ಸೆಪ್ಟೆಂಬರಿನಲ್ಲಿ ಸೆರೆಸಿಕ್ಕವನನ್ನು 1ನೆಯದಕ್ಕೆ ಸೇರಿಸಿದ್ದರೆ ಆ ಕಾಗದದಲ್ಲಿ ಎಲ್ಲೋ ತಪ್ಪಿದೆ.

ಸೆರೆವಾಸಕ್ಕೆ ಅಂತರರಾಷ್ಟ್ರೀಯ ರೆಡ್‌ಕ್ರಾಸಿನ ದಾಖಲೆಗಳಿವೆ, 2014ರಿಂದ ಅಂತರ್ಜಾಲದಲ್ಲಿ ತೆರೆದಿವೆ. ಮೊದಲು ಹೆಸರಿನ ಕಾರ್ಡು, ಅದರ ಮೇಲಿನ ಪಿಎ ಸಂಖ್ಯೆಯನ್ನು ಹಿಡಿದು ಪಟ್ಟಿಯ ಪುಟ. ಕಾರ್ಡುಗಳನ್ನು ಹಾಳೆ ತಿರುವಿದಂತೆ ಒಂದೊಂದೇ ನೋಡಬೇಕು. ಜರ್ಮನ್ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದ ಹೆಸರುಗಳಿವು, ಹಾಗಾಗಿ ಒಂದು ಹೆಸರಿಗೆ ನಾನು ಕಡಿಮೆಯೆಂದರೆ ಆರು ಕಾಗುಣಿತ ಪ್ರಯತ್ನಿಸುತ್ತೇನೆ.

ಇಲ್ಲಿಗೆ ಹಣದ ಕಲಮು ತುಂಬಿರುತ್ತದೆ, ನೇಮಕಾತಿಯ ಕತೆ ಬೇರೆಯೇ ಆಗಿ ಕಾಣತೊಡಗುತ್ತದೆ. ಬಡವರು ಹಣಕ್ಕೆ ಆಸೆಪಟ್ಟು ದಳ ಸೇರಿದರು ಎಂಬ ಮಾತಿದೆ. ಆದರೆ 1914ರ ಡಿಸೆಂಬರ್ ಕೊನೆಯಲ್ಲಿ ಜರ್ಮನ್ ಸರಕಾರದೊಡನೆ ಆದ ಒಪ್ಪಂದದಲ್ಲಿ ದಳದವರಿಗೆ ಜರ್ಮನಿಯಿಂದ ಹಣ ಇಲ್ಲವೆಂದೇ ಬರೆದಿತ್ತು. ಕರಪತ್ರದ ಆಮಿಷವೆಂದರೆ, ಬಯಸಿದವರನ್ನು ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಕಳಿಸುತ್ತೇವೆ ಎಂಬುದು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿತ್ತು? ಊರಿನಲ್ಲಿದ್ದ ಮಕ್ಕಳಿಲ್ಲದ ಹೆಂಡತಿಗೆ 1914ರ ಅಕ್ಟೋಬರಿನಿಂದ ವಾರಕ್ಕೆ 12 ಶಿಲಿಂಗ್ 6 ಪೆನ್ಸ್ ಭತ್ಯೆ, ಅಂದರೆ ವರ್ಷಕ್ಕೆ 32 ಪೌಂಡ್ 10 ಶಿಲಿಂಗ್. ರಿಸರ್ವ್ ಹಣದ ಮೂರೂವರೆ ಪಟ್ಟು! ಗಂಡ ಶತ್ರುವಿನ ಸಮವಸ್ತ್ರ ತೊಟ್ಟನೆಂದು ತಿಳಿದರೆ ಅದಕ್ಕೆ ಸಂಚಕಾರ. ಆದ್ದರಿಂದ ಮದುವೆಯಾಗಿದೆಯೇ ಎಂಬ ಪ್ರಶ್ನೆಯನ್ನು ರಾಜಕೀಯದ ಪ್ರಶ್ನೆಗಿಂತ ಮೊದಲು ಕೇಳುತ್ತೇನೆ. ಹಣವಷ್ಟೇ ಕಾರಣ ಎನ್ನಲಾರೆ. ಇತರರಿಗಿಂತ ಒಳ್ಳೆಯ ಉಪಚಾರ ತಮಗೆ ಬೇಡ, ಕೊಡುವುದಾದರೆ ಎಲ್ಲ ಕೈದಿಗಳಿಗೂ ಕೊಡಿ, ತಾವು ಬ್ರಿಟಿಷ್ ಸೈನಿಕರೂ ಹೌದು ಎಂದು ಐರಿಷ್ ಕೈದಿಗಳು ಆ ಡಿಸೆಂಬರಿನಲ್ಲಿ ಜರ್ಮನ್ ಚಕ್ರವರ್ತಿ ಕೈಸರ್‌ಗೆ ಬರೆದ ಮನವಿಯನ್ನು ಓದಿದಾಗಲೆಲ್ಲ ಅವರ ಬಗ್ಗೆ ಗೌರವ ಹುಟ್ಟುತ್ತದೆ.

ಇನ್ನು ಹೇಳಿಕೆಗಳು. ಮೂರು ಬಗೆ ಇವೆ, ಒಂದನ್ನೂ ಒಂಟಿಯಾಗಿ ನಂಬಬಾರದು. ಡಬ್ಲ್ಯೂಓ 161ರಲ್ಲಿ ಬಿಡುಗಡೆಯಾಗಿ ಬಂದ ಕೈದಿಗಳ ಸುಮಾರು 3,000 ಸಂದರ್ಶನಗಳಿವೆ. ಕೇಳಿದ್ದು ಬ್ರಿಟಿಷ್ ಸಮಿತಿ, ಆದ್ದರಿಂದ ಎಲ್ಲರೂ ತಾವು ನಿರಾಕರಿಸಿದೆವೆಂದೇ ಹೇಳುತ್ತಾರೆ. ಐರಿಷ್ ಸ್ವಾತಂತ್ರ್ಯ ಹೋರಾಟದ ನೆನಪುಗಳನ್ನು ಸಂಗ್ರಹಿಸಿದ ಡಬ್ಲಿನ್ನಿನ ಬ್ಯೂರೋ ಆಫ್ ಮಿಲಿಟರಿ ಹಿಸ್ಟರಿಯ 1,773 ಹೇಳಿಕೆಗಳನ್ನು 1947ರ ನಂತರ ಬರೆಸಿಕೊಂಡದ್ದು. ಅಷ್ಟರಲ್ಲಿ ದೇಶ ಸ್ವತಂತ್ರ, ಮಾತಿನ ವಾಲು ಇನ್ನೊಂದು ಕಡೆಗೆ. ಮೂರನೆಯದು ಬಂಧನದ ಹೇಳಿಕೆ. 1916ರ ಏಪ್ರಿಲ್ 21ರಂದು ಜರ್ಮನ್ ಜಲಾಂತರ್ಗಾಮಿ ಯು-19ರಿಂದ ಕೇಸ್‌ಮೆಂಟ್ ಮತ್ತು ದಳಕ್ಕೆ ತರಬೇತಿ ಕೊಟ್ಟ ರಾಬರ್ಟ್ ಮಾಂಟೀತ್ ಜೊತೆ ಐರ್ಲೆಂಡಿನ ಕೆರ್ರಿ ಕೌಂಟಿಯ ಬಾನಾ ದಂಡೆಗಿಳಿದವನು ಡೇನಿಯಲ್ ಬೇಲಿ. ರಾಯಲ್ ಐರಿಷ್ ರೈಫಲ್ಸ್‌ನ ಆಳು, ದಳದಲ್ಲಿ ಬೆವರ್ಲಿ ಎಂಬ ಹೆಸರಿನ ಸಾರ್ಜೆಂಟ್. ಜರ್ಮನಿಯಿಂದ ಹೊರಬೀಳಲೆಂದೇ ದಳ ಸೇರಿದೆ ಎಂದು ಅವನು ಹೇಳಿದ. ಕೇಸ್‌ಮೆಂಟ್‌ನನ್ನು ರಾಜದ್ರೋಹಕ್ಕಾಗಿ ಆಗಸ್ಟ್ 3ಕ್ಕೆ ಗಲ್ಲಿಗೇರಿಸಿದರು. ಬೇಲಿಯ ಮೇಲಿನ ಆರೋಪಗಳು ಬಿದ್ದುಹೋದವು.

ಬೇಲಿಯ ಮಾತು ನಿಜವೋ ಕುತ್ತಿಗೆ ಉಳಿಸಿಕೊಳ್ಳುವ ಉಪಾಯವೋ ಎಂದು ಹಲವರು ವಾದಿಸುತ್ತಾರೆ. ಇಂಥ ಹೇಳಿಕೆಯನ್ನು ನಾನು ವಾಕ್ಯವಾಕ್ಯವಾಗಿ ಬಿಡಿಸಿ, ದಿನಾಂಕ ಮತ್ತು ಊರಿರುವ ವಾಕ್ಯಗಳನ್ನು ಕೋಷ್ಟಕದ ಪಕ್ಕ ಇಟ್ಟು, ರೆಡ್‌ಕ್ರಾಸ್ ಪುಟಕ್ಕೆ ಹೊಂದುವ ವಾಕ್ಯಗಳ ಕೆಳಗೆ ಗೆರೆ ಎಳೆಯುತ್ತೇನೆ. ಉದ್ದೇಶ ಹೇಳುವ ವಾಕ್ಯಗಳು ಬೇರೆ ಹಾಳೆಗೆ ಹೋಗುತ್ತವೆ, ಹೇಳಿದ ದಿನ, ಕೇಳಿದವರ ಹುದ್ದೆ, ಆಗ ಅವನ ಮೇಲಿದ್ದ ಆರೋಪ ಮೂರನ್ನೂ ಅಂಚಿನಲ್ಲಿ ಬರೆದುಕೊಂಡು.